ಕ್ಷುದ್ರಗ್ರಹವೂ ಬೆಳಗಿನ ಬಸ್ಸೂ

ಭೂಮಿಯನ್ನು ಕಾಪಾಡುವುದು ಹೇಗೆಂದು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಹೇಳಿಕೊಡುತ್ತೇನೆ. ಪಠ್ಯದಲ್ಲಿ ಇಲ್ಲದಿದ್ದರೂ ಹೇಳಿಕೊಡುತ್ತೇನೆ. ಆಕಾಶದಿಂದ ದೊಡ್ಡ ಬಂಡೆಯೊಂದು ನಮ್ಮ ಕಡೆ ಬರುತ್ತಿದ್ದರೆ ಅದನ್ನು ಪುಡಿ ಮಾಡಬೇಕಿಲ್ಲ. ಅದಿನ್ನೂ ದೂರ ಇರುವಾಗಲೇ ನೌಕೆಯೊಂದನ್ನು ಡಿಕ್ಕಿ ಹೊಡೆಸಿ ಕೂದಲೆಳೆಯಷ್ಟು ದಾರಿ ತಪ್ಪಿಸಿದರೆ ಸಾಕು. ನಮ್ಮ ತಂಟೆಗೆ ಬಾರದ ಒಂದು ಕಲ್ಲಿನ ಮೇಲೆ ಇದನ್ನು ಮಾಡಿಯೂ ನೋಡಿದ್ದಾರೆ. ಆ ನೌಕೆಯನ್ನು ಬಿಟ್ಟವನು ನಾನೇ ಎಂಬ ಗತ್ತಿನಲ್ಲಿ ಮನೆಯಲ್ಲೂ ಇದನ್ನೇ ಹೇಳುತ್ತಿರುತ್ತೇನೆ. "ಭೂಮಿ ಆಮ್ಯಾಲ ಕಾಯೀರಂತ, ಮೊದ್ಲು ಗ್ಯಾಸ್ ಸಿಲಿಂಡರ್ ತರ್ರಿ" ಎನ್ನುತ್ತಾಳೆ ಹೆಂಡತಿ.

ನಮ್ಮೂರು ತೆಲಿಗಿಯ ಆಚೆಗಿದೆ. ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸು ಊರೊಳಗೆ ಬರುತ್ತಿರಲಿಲ್ಲ. ಎರಡು ಕಿಲೋಮೀಟರ್ ದೂರದ ಕ್ರಾಸಿನಲ್ಲಿ ನಿಂತು ಹಾಗೇ ಮುಂದೆ ಹೋಗುತ್ತಿತ್ತು. ಊರೊಳಗೆ ಹಾದು ಮತ್ತೆ ಅದೇ ಡಾಂಬರು ರಸ್ತೆಗೆ ಸೇರುವ ದಾರಿಯಿದೆ. ಹತ್ತು ನಿಮಿಷದ ಸುತ್ತು, ಅಷ್ಟೇ.

ಪಕ್ಕದ ಮನೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಆ ವರ್ಷ ಎರಡನೇ ಪಿಯುಸಿಯಲ್ಲಿದ್ದಳು. ಮೆಕ್ಕೆಜೋಳ ಆಳೆತ್ತರ ಬೆಳೆದ ಮೇಲೆ ಕ್ರಾಸಿನ ದಾರಿಯಲ್ಲಿ ಬೆಳಗಿನ ಹೊತ್ತು ಕರಡಿ ಕಾಣಿಸತೊಡಗಿತು. "ತೆನಿ ಮುರಿಯೋ ತನಕ ಮನ್ಯಾಗ ಇರು" ಎಂದು ಅವಳ ಅಪ್ಪ ಹೇಳಿಬಿಟ್ಟ. ಅಷ್ಟು ದಿನ ಕೂತರೆ ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಕರೆದುಕೊಂಡು ಹೋಗಿ ಬಿಡೋಣವೆಂದರೆ ನನ್ನ ಬೈಕು ಅದೇ ಹೊತ್ತಿಗೆ ಎದುರು ದಿಕ್ಕಿನ ಶಾಲೆಗೆ ಹೊರಡಬೇಕು.

ಊರವರೆಲ್ಲ ಸೇರಿ ಅರ್ಜಿ ಕೊಟ್ಟೆವು. ರಸ್ತೆ ಬಸ್ಸಿಗೆ ಯೋಗ್ಯವಿಲ್ಲ ಎಂದು ಉತ್ತರ ಬಂತು. ಚುನಾವಣೆಯಲ್ಲಿ ಮತಯಂತ್ರ ಹೊತ್ತ ಬಸ್ಸು ಅದೇ ರಸ್ತೆಯಲ್ಲಿ ಬಂದು ಹೋಗಿತ್ತು. ಆ ಎರಡು ದಿನದ ಮಟ್ಟಿಗೆ ರಸ್ತೆ ಯೋಗ್ಯವಾಗಿತ್ತೆಂದು ಕಾಣುತ್ತದೆ.

ಆಗ ನಾನು ನನ್ನ ವಿಜ್ಞಾನಕ್ಕೆ ಇಳಿದೆ. ಡಿಕ್ಕಿಯೇ ದಾರಿ ಎಂದೆ. ಕ್ರಾಸಿನಲ್ಲಿ ಕಲ್ಲಿಟ್ಟು ರಸ್ತೆ ತಡೆ ಮಾಡಿದೆವು. ಸರ್ಕಾರಿ ನೌಕರನಾದ್ದರಿಂದ ನಾನು ಹಿಂದಿನ ಸಾಲಿನಲ್ಲಿ ನಿಂತು ಮೆಲ್ಲಗೆ ಘೋಷಣೆ ಕೂಗಿದೆ. ಬಸ್ಸು ಮೂರು ದಿನ ಊರೊಳಗೆ ಬಂತು. ಹಾರ ಹಾಕಿದೆವು, ಕಾಯಿ ಒಡೆದೆವು. ನಾಲ್ಕನೆಯ ದಿನ ಮತ್ತೆ ಕ್ರಾಸಿನಿಂದಲೇ ನೆಟ್ಟಗೆ ಹೋಯಿತು. ನಾಯಿ ಬಾಲ ಡೊಂಕೇ.

ಕ್ರಾಸಿನಲ್ಲಿ ನಮ್ಮೂರಿನ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಚಹಾ ಮಾರುತ್ತಿದ್ದಳು. ಆಕೆಯ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದೆ ಆ ಬಸ್ಸಿನ ಡ್ರೈವರ್ ಮುಂದೆ ಹೋದವನಲ್ಲ. ನಾನು ಸೋತ ಮುಖ ಹೊತ್ತು ಅಲ್ಲಿ ಕೂತಿದ್ದಾಗ ಆಕೆ ಕೇಳಿದಳು, "ಸರ, ಡಿಕ್ಕಿ ಹೊಡಿಯೋದು ಬಿಟ್ರ ಬ್ಯಾರೆ ದಾರೀನ ಇಲ್ಲೇನ್ರಿ ನಿಮ್ಮ ವಿಜ್ಞಾನದಾಗ?"

ಪಾಠ ಕೇಳುವವರು ಸಿಕ್ಕರೆ ನಾನು ಬಿಡುವವನಲ್ಲ. ಇನ್ನೊಂದು ಉಪಾಯವಿದೆ ಎಂದೆ. ಅದರಲ್ಲಿ ನೌಕೆ ಕಲ್ಲನ್ನು ಮುಟ್ಟುವುದೇ ಇಲ್ಲ, ಪಕ್ಕದಲ್ಲಿ ವರ್ಷಗಟ್ಟಲೆ ಸುಮ್ಮನೆ ಇರುತ್ತದೆ. ಅದರ ಸೆಳೆತಕ್ಕೆ ಕಲ್ಲು ಅಷ್ಟಷ್ಟೇ ಆ ಕಡೆ ವಾಲುತ್ತದೆ. ಒಮ್ಮೆ ದಾರಿ ಬದಲಾದರೆ ಮುಗಿಯಿತು. "ಆದ್ರ ಇದನ್ನ ಇನ್ನೂ ಯಾರೂ ಮಾಡಿ ನೋಡಿಲ್ಲಕ್ಕ" ಎಂದೆ.

"ಹೌದೇನ್ರಿ" ಎಂದು ಆಕೆ ಬಾಣಲಿಗೆ ಮೆಣಸಿನಕಾಯಿ ಬಿಟ್ಟಳು.

ಮುಂದಿನ ಸೋಮವಾರ ತಳ್ಳುಗಾಡಿ ಕ್ರಾಸಿನಲ್ಲಿರಲಿಲ್ಲ. ಊರೊಳಗೆ ಹನುಮಪ್ಪನ ಗುಡಿಯ ಮುಂದಿತ್ತು. ಎರಡು ದಿನ ಬಸ್ಸು ಕ್ರಾಸಿನಲ್ಲಿ ನಿಂತು ಹಾರ್ನ್ ಹೊಡೆದು ಹೋಯಿತಂತೆ. ಮೂರನೆಯ ದಿನ ಊರೊಳಗೇ ಬಂತು. ಡ್ರೈವರ್ ಇಳಿದವನೇ, "ಇಲ್ಲಿಗ್ಯಾಕ ಬಂದೀಯವ್ವ, ಹಸ್ಕೊಂಡು ಗಾಡಿ ಹೊಡಿಯಾಕ ಆಗ್ವಲ್ದು" ಎಂದು ಗೊಣಗುತ್ತ ಮಂಡಕ್ಕಿ ತಟ್ಟೆ ಹಿಡಿದ. ಅವನು ತಿಂದು ಕೈ ತೊಳೆಯುವಷ್ಟರಲ್ಲಿ ಹುಡುಗಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದಳು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಹಾಜರಾತಿ ತುಂಬಿತು, ಹಾಲ್ ಟಿಕೆಟ್ ಕೈಗೆ ಬಂತು.

ಊರವರು ಸಭೆ ಸೇರಿಸಿ ನನಗೆ ಶಾಲು ಹೊದಿಸಿದರು. ಬಸ್ ಹೋರಾಟದ ರೂವಾರಿ ಎಂದು ಬ್ಯಾನರಿನಲ್ಲಿ ನನ್ನ ಫೋಟೋ ಹಾಕಿದ್ದರು. ಮುಕ್ಕಾಲು ಗಂಟೆ ಮಾತಾಡಿದೆ. ಅದರಲ್ಲಿ ಅರ್ಧ ಗಂಟೆ ಡಿಕ್ಕಿಯ ಮಹತ್ವದ ಬಗ್ಗೆಯೇ ಇತ್ತು.

ಪರೀಕ್ಷೆ ಮುಗಿದ ಮರುವಾರ ಚಹಾ ಕುಡಿಯಲು ಹೋದೆ. ಗಾಡಿಯ ಹತ್ತಿರ ಯಾರೂ ಇರಲಿಲ್ಲ. ಕ್ರಾಸಿನಲ್ಲಾದರೆ ಲಾರಿಯವರು, ಬೇರೆ ಬಸ್ಸಿನವರು, ದಾರಿಹೋಕರು ಎಂದು ದಿನವಿಡೀ ಜನ. ಇಲ್ಲಿಗೆ ಬರುವುದು ಒಂದೇ ಬಸ್ಸು. ಬೆಳಿಗ್ಗೆ ಕರಿದ ಮೆಣಸಿನಕಾಯಿ ಮೆತ್ತಗಾಗಿ ಬುಟ್ಟಿಯಲ್ಲೇ ಉಳಿದಿದ್ದವು. ಅದು ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ.

"ಆಕಿ ಪರೀಕ್ಷಿ ಮುಗೀತಲ್ಲಕ್ಕ, ಇನ್ನ ಕ್ರಾಸಿಗೆ ಹೋಗಬಾರದ?" ಎಂದೆ.

"ಕಲ್ಲಾದ್ರ ಒಂದ್ಸಲ ತಿರುಗಿದ್ರ ಮುಗೀತು ಅಂದಿದ್ರಿ. ಇದು ಬಸ್ಸು ನೋಡ್ರಿ ಸರ. ನಾ ಎದ್ದು ಹೋದ್ರ ಅದೂ ನನ್ನ ಹಿಂದ ಬರ್ತೈತಿ. ಮುಂದಿನ ವರ್ಷ ಮೂರು ಹುಡುಗ್ಯಾರು ಕಾಲೇಜಿಗೆ ಹೋಗೋರು ಅದಾರ" ಎಂದು ಆಕೆ ಲೋಟ ತೊಳೆಯತೊಡಗಿದಳು.

ನನಗೆ ನಾಚಿಕೆಯಾಯಿತು. ಶಾಲು ಹೊದಿಸಿಕೊಂಡ ದಿನ ಆಕೆಯನ್ನೂ ವೇದಿಕೆಗೆ ಕರೆಯಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಅವತ್ತು ಸಭೆಗೆಲ್ಲ ಚಹಾ ಕೊಟ್ಟವಳು ಆಕೆಯೇ.