ಅಡವಯ್ಯನ ಖಾಲಿ ಟಾಂಕಿ

ನಮ್ಮ ಕೊಳಾಲದ ಅಡವಯ್ಯನಂಥ ಗಲಿಬಿಲಿಯ ಮನುಷ್ಯ ಮೋಟಾರು ಓಡಿಸಲು ಹೇಗೆ ಕಲಿತನೋ ಆ ಶಿವನಿಗೇ ಗೊತ್ತು. ಎಡಕ್ಕೆ ತಿರುಗು ಎಂದರೆ, ಊಟ ಮಾಡುವ ಕೈ ಯಾವುದೆಂದು ನೋಡಿಕೊಂಡು ತಿರುಗುವವನು. ಆದರೂ ಮಹಾರಾಜರ ಕಾಲದಲ್ಲಿ, ಎರಡನೇ ಮಹಾಯುದ್ಧಕ್ಕೆ ಮುಂಚೆ, ಕೊರಟಗೆರೆಯಿಂದ ಮಧುಗಿರಿಗೆ ಓಡುತ್ತಿದ್ದ ಹಳೇ ಬಸ್ಸು ಅವನದೇ. ಮನೆಯಲ್ಲಿ ಅವನು, ಅವನ ತಾಯಿ ಕಮಲಾಕ್ಷಮ್ಮ ಇಬ್ಬರೇ. ನನ್ನದು ಪಕ್ಕದ ಮನೆ. ಅವರ ಜಗಳವೆಲ್ಲ ಗೋಡೆ ದಾಟಿ ನನ್ನ ತಟ್ಟೆಗೇ ಬೀಳುತ್ತಿತ್ತು.

ಒಂದು ಬೇಸಗೆಯಲ್ಲಿ ಬಸ್ಸಿನ ಪೆಟ್ರೋಲ್ ಟಾಂಕಿ ಸೋರತೊಡಗಿತು. ಸಿರಾದಲ್ಲಿ ತಗಡಿಗೆ ಬೆಸುಗೆ ಹಾಕುವ ಸಾಬರನ್ನು ಕೇಳಿ ಬಂದ.

"ಬಿಚ್ಕೊಂಡು ತನ್ನಿ. ಖಾಲಿ ಆಯ್ತು ಅಂತ ಮೈಮರೀಬೇಡಿ, ತುಂಬಿದ್ದಕ್ಕಿಂತ ಖಾಲಿನೇ ಖತರ್ನಾಕ್. ಬೆಂಕಿ ಹತ್ರ ತರಬೇಡಿ" ಎಂದರಂತೆ ಅವರು.

ಅಡವಯ್ಯ ತಲೆ ಕೆರೆದುಕೊಂಡು ನನ್ನನ್ನು ಕೇಳಿದ: "ಖಾಲಿ ಅಂದ್ರೆ ಖಾಲಿ ತಾನೆ? ಇಲ್ದೇ ಇರೋದು ಹೆಂಗ್ಲಾ ಉರೀತದೆ?"

ನನಗೇನು ಗೊತ್ತು ಮಣ್ಣು. ಖಾಲಿ ಕೊಡ ಎದುರು ಬಂದರೆ ಅಪಶಕುನವೆಂದು ಕೇಳಿದ್ದೆ, ಉರಿಯುತ್ತದೆಂದು ಕೇಳಿರಲಿಲ್ಲ.

ಬಿಚ್ಚುವ ಕೆಲಸವನ್ನೇನೋ ಅಚ್ಚುಕಟ್ಟಾಗಿ ಮಾಡಿದ. ಹಿಂದಿನ ಚಕ್ರಗಳನ್ನು ಚಪ್ಪಡಿಯ ಮೇಲೆ ಹತ್ತಿಸಿ, ಮುಂದಿನವಕ್ಕೆ ದಿಮ್ಮಿ ಕೊಟ್ಟು, ಎಂಜಿನ್ ತಣ್ಣಗಾಗಲು ಬಿಟ್ಟ. ಮನೆಯ ಒಲೆ ಆರಿಸಿದ. ಬೀಡಿ ಕಚ್ಚಿಕೊಂಡು ಬಂದ ನನ್ನನ್ನು ಬೀದಿಗೆ ಅಟ್ಟಿದ. ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿ, ಬಿಗಿಯಾಗಿ ಮುಚ್ಚಿ, ದೂರದ ಹುಣಸೆಮರದ ನೆರಳಿನಲ್ಲಿಟ್ಟ. ಕೊಳವೆ ಬಿಚ್ಚಿ, ಕೆಳಗೆ ಒರಳು ಕೊಟ್ಟು, ಪಟ್ಟಿ ಸಡಿಲಿಸಿ ಟಾಂಕಿ ಇಳಿಸಿದ. ಇಷ್ಟೆಲ್ಲ ಮಾಡಿದವನು ಆಮೇಲೆ ಮಾಡಿದ್ದೇನು? ಆ ಮನೆಯಲ್ಲಿ ನೇಗಿಲ ಗುಳವಾಗಲಿ ಕುಡುಗೋಲಾಗಲಿ, ರಿಪೇರಿಗೆ ಹೋಗುವ ಕಬ್ಬಿಣ ಮೊದಲು ದೇವರ ಮುಂದೆ ಕೂರಬೇಕು. ಟಾಂಕಿಯನ್ನೂ ದೇವರ ಕೋಣೆಯಲ್ಲಿಟ್ಟು ಕೈ ತೊಳೆಯಲು ಹೋದ, ಬುದ್ಧಿಗೇಡಿ.

ಕಮಲಾಕ್ಷಮ್ಮ ಲಿಂಗಪೂಜೆಯಾಗದೆ ಗುಟುಕು ನೀರೂ ಮುಟ್ಟುವವಳಲ್ಲ. ಒಲೆ ಆರಿತ್ತಲ್ಲ, ಧೂಪಕ್ಕೆಂದು ನಮ್ಮ ಒಲೆಯಿಂದ ಕೆಂಡ ಹಾಕಿಸಿಕೊಂಡು ಹೋದಳು.

"ದೇವ್ರ ಕೋಣೇಲಿ ಇದೇನ್ಲಾ ಈ ನಾತ?" ಎಂದು ಹೊಸ್ತಿಲಲ್ಲಿ ನಿಂತು ಗದರಿದಳು.

ಅಡವಯ್ಯ ತಿರುಗಿದ. ಕೂಗಲು ಬಾಯಿ ತೆರೆದ. ಏನೆಂದು ಕೂಗುವುದು, ಖಾಲಿ ಎಂದೋ, ಬೆಂಕಿ ಎಂದೋ? ಓಡಿಹೋಗಿ ಧೂಪದ ಬಟ್ಟಲನ್ನು ಕಿತ್ತುಕೊಂಡ. ಹಿಡಿಕೆ ಅವಳ ಕೈಯಲ್ಲಿತ್ತು, ಅವನಿಗೆ ಸಿಕ್ಕಿದ್ದು ಕೆಂಡದ ಕಡೆ. ಎರಡೂ ಅಂಗೈಯಲ್ಲಿ ಹಿಡಿದು ಓಡಿ, ದನಕ್ಕೆ ನೀರಿಡುವ ಬಾನಿಯೊಳಕ್ಕೆ ಎಸೆದ. ಕೆಂಡ ಚುಂಯ್ ಎಂದದ್ದು ಗೋಡೆಯಾಚೆ ನಿಂತಿದ್ದ ನನಗೂ ಕೇಳಿತು.

"ಮೋಟಾರಿಗೋಸ್ಕರ ಶಿವನ ಧೂಪ ಕಿತ್ಕೊಂಡ್ಬುಟ್ಟ" ಎಂದಳು ಮುದುಕಿ. ಅಂದು ಉಪವಾಸ ಮಲಗಿದಳು, ಮಗನ ಜೊತೆ ಮಾತು ಬಿಟ್ಟಳು.

"ಅವ್ವನ್ನ ಉಳಿಸಿದ್ನಾ, ಸುಮ್ನೆ ದೇವ್ರಿಗೆ ಅಡ್ಡ ಬಂದ್ನಾ?" ಎಂದು ಅಡವಯ್ಯ ಬೊಬ್ಬೆಯೆದ್ದ ಅಂಗೈ ತೋರಿಸಿ ನನ್ನನ್ನು ಕೇಳಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಎತ್ತಿನ ಗಾಡಿಯಲ್ಲಿ ಸಿರಾಕ್ಕೆ ಹೋದ ಟಾಂಕಿ ಬೆಸುಗೆ ಹಾಕಿಸಿಕೊಂಡು ವಾಪಸಾಯಿತು. ಕೂಡಿಸುವುದು ಹೇಗೆ? ಅವನ ಕೈ ಮಾಗಿರಲಿಲ್ಲ. ಬೆರಳ ತುದಿಯಲ್ಲಿ ನಟ್ಟು ತಿರುಗಿಸಬಹುದು, ಭಾರ ಎತ್ತಲಾರ. ನಾನು ಎತ್ತಹೋದರೆ ಸೊಂಟ ಹಿಡಿದುಕೊಂಡಿತು. ಆಗ ಕಮಲಾಕ್ಷಮ್ಮ ನೀರು ಹೊರುವ ಸಿಂಬೆಯನ್ನು ತಲೆಗಿಟ್ಟುಕೊಂಡು ಬಂದಳು. ಯಾರನ್ನೂ ಕೇಳದೆ ಬಸ್ಸಿನಡಿ ನುಸುಳಿ ಕುಕ್ಕರಗಾಲಲ್ಲಿ ಕೂತಳು. ನಾವು ಟಾಂಕಿಯನ್ನು ಸಿಂಬೆಯ ಮೇಲೆ ಸರಿಸಿದೆವು; ಕೊಡ ಹೊತ್ತ ಹಾಗೆ ಕತ್ತು ನೆಟ್ಟಗೆ ಮಾಡಿ ಮೇಲೆತ್ತಿದಳು. ಅಡವಯ್ಯ ಪಟ್ಟಿ ಬಿಗಿಯತೊಡಗಿದ.

"ಅವತ್ತು ಇದ್ರಾಗೆ ಏನಿತ್ಲಾ?" ಎಂದಳು ಅವಳು ಅಡಿಯಿಂದಲೇ.

"ಏನೂ ಇರ್ಲಿಲ್ಲ ಕಣವ್ವ."

"ಏನೂ ಇಲ್ದಿದ್ಮೇಲೆ ಯಾಕ್ಲಾ ಕೈ ಸುಟ್ಕೊಂಡೆ?"

ಅವನ ಕೈ ನಿಂತಿತು. "ಗೊತ್ತಿಲ್ಲ ಕಣವ್ವ" ಎಂದ. "ಕೆಂಡ ಹಿಡ್ಕೊಂಡು ನೀನು ನಿಂತಿದ್ದೆ, ಅಷ್ಟೇಯ."

ಮುದುಕಿ ಟಾಂಕಿಯನ್ನು ಇನ್ನಷ್ಟು ಮೇಲಕ್ಕೆ ಒತ್ತಿ ಹಿಡಿದಳು.

"ನಿಧಾನಕ್ಕೆ ಬಿಗಿ" ಎಂದಳು. "ನಾನು ಹಿಡ್ಕೊಂಡಿವ್ನಿ. ನಿನ್ ಕೈ ನೋಯ್ತದೆ."