‘ಬೇಡ’ ಎನ್ನಲು ಮಾತು ಹೊಸೆಯುವವರು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಎರಡು ಲೋಟ ಕಾಫಿ. ಮಗಳು ಬರೆದ ಸಾಲನ್ನು ಎಪ್ಪತ್ತೆರಡರ ಅಮ್ಮ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದುತ್ತಾರೆ.

“‘ನಿಮ್ಮ ಆಸಕ್ತಿಗೆ ಧನ್ಯವಾದಗಳು.’ ಇದೇನೇ, ಕೆಲಸಕ್ಕೆ ಅರ್ಜಿ ಹಾಕಿದ್ನಾ ಪಾಪ?”

“ಸರಿ ಬಿಡಮ್ಮ, ಅಳಿಸ್ತೀನಿ.”

ಮಗಳು ಮನಶ್ಶಾಸ್ತ್ರ ಓದಿದವರು. ಡೇಟಿಂಗ್ ಆ್ಯಪ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ. ಜೋಡಿ ಕೂಡಿಸಲು ಅಲ್ಲಿ ಬೇರೆ ಜನರಿದ್ದಾರೆ. ಇವರ ಪಾಲಿಗೆ ಬಂದಿರುವುದು ಕೂಡದ ಜೋಡಿಗಳು. ನಾಲ್ಕು ದಿನ ಮಾತಾಡಿ, ಇಷ್ಟವಾಗದೆ, ಹೇಳದೆ ಕೇಳದೆ ಮಾಯವಾಗುವವರೇ ಹೆಚ್ಚು. ಹಾಗೆ ಮಾಯವಾಗುವ ಬದಲು ಒತ್ತಲು ಒಂದು ಗುಂಡಿ ಇದೆ. ಒತ್ತಿದರೆ ಇವರು ಬರೆದಿಟ್ಟ ಸಾಲು ಆ ಕಡೆಯವರಿಗೆ ತಲುಪುತ್ತದೆ: ‘ನಿಮ್ಮೊಂದಿಗೆ ಮಾತಾಡಿ ಖುಷಿಯಾಯಿತು. ಮುಂದುವರಿಯುವ ಮನಸ್ಸು ನನಗಿಲ್ಲ, ದಯವಿಟ್ಟು ಕಾಯಬೇಡಿ.’ ದಿನಕ್ಕೆ ಸುಮಾರು ಹನ್ನೊಂದು ಸಾವಿರ ಸಲ. ಆಫೀಸಿನಲ್ಲಿ ಇವರಿಗೆ ‘ಬೇಡ ಮೇಡಂ’ ಎಂದೇ ಹೆಸರು.

“ಡಾಕ್ಟರೇಟ್ ಮಾಡಿ ಮದುವೆ ಬ್ರೋಕರ್ ಆದ್ಯಲ್ಲೇ” ಎಂದು ಚಿಕ್ಕಪ್ಪ ಕಾಲೆಳೆಯುತ್ತಾರೆ.

“ಬ್ರೋಕರ್ ಕೂಡಿಸ್ತಾನೆ ಚಿಕ್ಕಪ್ಪ. ನಾನು ಬಿಡಿಸ್ತೀನಿ.”

ಒಂದು ವಿಷಯ ಬಂದಾಗ ಮಾತ್ರ ಇವರ ನಗು ನಿಲ್ಲುತ್ತದೆ. ಮೊದಲ ವರ್ಷ ಬರೆದ ಸಾಲಿನಲ್ಲಿ ‘ಸದ್ಯಕ್ಕೆ ಮನಸ್ಸಿಲ್ಲ’ ಎಂದಿತ್ತು. “ಮೆತ್ತಗಿರ್ಲಿ ಅಂತ ಹಾಕಿದ್ದೆ. ಒಬ್ಬ ಬಸ್ ಡ್ರೈವರ್ ಆ ‘ಸದ್ಯಕ್ಕೆ’ ಹಿಡ್ಕೊಂಡು ಏಳು ತಿಂಗಳು ಕಾದ್ರು. ‘ಇನ್ನೂ ಎಷ್ಟು ದಿನ ಅಂತ ಅವರನ್ನ ಕೇಳಿ ಹೇಳ್ತೀರಾ’ ಅಂತ ನಮಗೇ ಬರೆದ್ರು. ಅಷ್ಟು ಪುಸ್ತಕ ಓದಿದ್ದೆ, ಕಲಿತಿದ್ದು ಅವತ್ತು.” ಆ ಡ್ರೈವರ್‌ಗೆ ಇವರು ಕ್ಷಮೆ ಕೇಳಿ ಕೈಯಾರೆ ಪತ್ರ ಬರೆದರು. ಅಂದಿನಿಂದ ಪ್ರತಿ ಸಾಲನ್ನೂ ಅಮ್ಮನ ಬಾಯಲ್ಲಿ ಕೇಳಿದ ಮೇಲೇ ಮುಂದಕ್ಕೆ ಕಳಿಸುತ್ತಾರೆ.

ಈಗ ಆ ಗುಂಡಿಯನ್ನೇ ತೆಗೆಯುವ ಮಾತು ಎದ್ದಿದೆ. ‘ಬೇಡ’ ಕೇಳಿದವರು ಆ್ಯಪ್ ಮುಚ್ಚಿ ಹೋಗುತ್ತಾರೆ. ಉತ್ತರ ಸಿಗದವರು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಾರೆ ಎನ್ನುವುದು ಮ್ಯಾನೇಜರ್ ಲೆಕ್ಕ. ಬೆಳಗ್ಗೆ ಹತ್ತರ ಸಭೆಯಲ್ಲಿ ಇವರು ತಮ್ಮ ಲೆಕ್ಕ ಮುಂದಿಡುತ್ತಾರೆ. ‘ಬೇಡ’ ಕೇಳಿದ ನೂರರಲ್ಲಿ ಅರವತ್ತೆರಡು ಮಂದಿ ಹದಿನೈದು ದಿನದೊಳಗೆ ಮರಳಿ, ಬೇರೊಬ್ಬರೊಡನೆ ಮಾತು ಶುರು ಮಾಡಿದ್ದಾರೆ. ಉತ್ತರ ಸಿಗದೆ ಕಾದ ನೂರರಲ್ಲಿ ಹಾಗೆ ಮಾಡಿದವರು ಹತ್ತೊಂಬತ್ತೇ.

“ಆದ್ರೂ ದಿನಾ ಆ್ಯಪ್ ತೆರೆಯೋರ ಸಂಖ್ಯೆ ಬೀಳತ್ತಲ್ಲ ಮೇಡಂ?”

“ಬೀಳತ್ತೆ ಸರ್. ಕಾಯ್ತಾ ಕೂತವರನ್ನೂ ಗಿರಾಕಿ ಅಂತ ಎಣಿಸಿದ್ರೆ ಖಂಡಿತ ಬೀಳತ್ತೆ.”

ಮ್ಯಾನೇಜರ್ ಆ ಗುಂಡಿ ಇನ್ನೊಂದು ವರ್ಷ ಇರಲಿ ಎಂದು ಬರೆದುಕೊಳ್ಳುತ್ತಾರೆ.

‘ಗೆದ್ದಿರಲ್ಲ’ ಎಂದರೆ ಇವರು ಒಪ್ಪುವುದಿಲ್ಲ. ಯಾರ್ಯಾರದೋ ಹೆಸರಲ್ಲಿ ಹೋಗುವ ಸಾಲುಗಳು; ಬರೆದವರು ಯಾರೆಂದು ಯಾರೂ ಕೇಳಿದವರಿಲ್ಲ.

“ಬೇಡ ಅಂದ್ರೆ ನೋವಾಗತ್ತೆ. ಅದಕ್ಕೆ ನನ್ನ ಹತ್ರ ಮದ್ದಿಲ್ಲ” ಎನ್ನುತ್ತಾರೆ. “ಆದ್ರೆ ಆ ಮನುಷ್ಯ ಫೋನ್ ಕೆಳಗಿಟ್ಟು ಊಟ ಮಾಡ್ಬೇಕು. ಅಷ್ಟಾದ್ರೆ ಸಾಕು ನಂಗೆ.”