ಜೊಲ್ಲು ಒರೆಸುತ್ತಿದ್ದ ದೊಡ್ಡವ್ವ

ಎದುರುಮನೆ ದೊಡ್ಡವ್ವನ ಸೆರಗಿನ ಒಂದು ಮೂಲೆ ಯಾವಾಗಲೂ ಒದ್ದೆ. ಸೀರೆಯ ಬಣ್ಣ ಗಟ್ಟಿಯಾಗಿದ್ದರೂ ಆ ಮೂಲೆ ಮಾತ್ರ ಮಾಸಿ ಬೆಳ್ಳಗಾಗಿರುತ್ತಿತ್ತು. ಮೀಸೆ ಬಂದ ಮಗನ ಬಾಯಿಂದ ಸುರಿಯುವ ಜೊಲ್ಲನ್ನು ಅದರಲ್ಲೇ ಒರೆಸುತ್ತಿದ್ದಳು. ಅವನಿಗೆ ಮಾತು ಬರುತ್ತಿರಲಿಲ್ಲ, ತುಟಿ ಮುಚ್ಚುತ್ತಿರಲಿಲ್ಲ. ತಾಯಿಯ ಕೈ ಹತ್ತಿರ ಬಂದರೆ ಗದ್ದ ಮುಂದೆ ಚಾಚಿ ನಗುತ್ತಿದ್ದ.

ಈ ಜೊಲ್ಲು ಅನ್ನುವ ಮಾತಿನ ಹಣೆಬರಹವೇ ಹಾಗೆ. ಎಳೆಗೂಸು ಸುರಿಸಿದರೆ ಹಲ್ಲು ಬರುತ್ತಿದೆ ಅಂತ ಮುದ್ದು. ದೊಡ್ಡವರು ಸುರಿಸಿದರೆ ಆಸೆಬುರುಕತನ, ಬೈಗುಳ. ಮೈಯಲ್ಲಿ ಬೆಳೆದು ಬಾಯಲ್ಲಿ ಕೂಸಾಗಿಯೇ ಉಳಿದವನಿಗೆ ದಾವಣಗೆರೆ ಪೇಟೆಯಲ್ಲಿ ಸಿಕ್ಕಿದ್ದು ಬೈಗುಳವೇ. ಒಮ್ಮೆ ಜವಳಿ ಅಂಗಡಿಯ ಸಾಹುಕಾರ, "ಈ ಜೊಲ್ಲು ಸುರಿಸಾವ್ನನ್ನ ಯಾಕ ಕರ್ಕೊಂಡು ಬರ್ತೀರಿ? ಮನ್ಯಾಗ ಬಿಡ್ರಿ" ಅಂದ. ದೊಡ್ಡವ್ವ ಬಿಟ್ಟಾಳೆಯೇ! "ನೀವೂ ಸುರಿಸ್ತೀರಿ ಸಾವ್ಕಾರ್ರೆ, ಮಂದಿ ಹೊಲ ಕಂಡಾಗ. ನನ್ನ ಮಗಂದು ಒರೆಸಿದ್ರೆ ಹೋಗ್ತೈತೆ."

ಬಸುರಿಯ ಬಯಕೆ ತೀರದಿದ್ದರೆ ಹುಟ್ಟಿದ ಕೂಸು ಜೊಲ್ಲು ಸುರಿಸುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಕುಕ್ಕುವಾಡದ ಅತ್ತೆಮನೆಯಲ್ಲಿ ಬಸುರಿದ್ದಾಗ ದೊಡ್ಡವ್ವ ಖಾರಮಂಡಕ್ಕಿ ಕೇಳಿ ಬೈಸಿಕೊಂಡಿದ್ದಳಂತೆ. ಮಗನ ಗತಿಗೆ ಅದೇ ಕಾರಣವೆಂದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಓಣಿಯಲ್ಲಿ ಯಾರು ಬಸುರಿಯಾದರೂ ಹೋಗಿ ವಿಚಾರಿಸುತ್ತಿದ್ದಳು. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಚೊಚ್ಚಲ ಹೆರಿಗೆಗೆಂದು ನಾನು ತವರಿಗೆ ಬಂದಾಗ, "ನಾಚ್ಕೋಬ್ಯಾಡ, ಬಾಯಿಬಿಟ್ಟು ಹೇಳು ತಂಗಿ" ಅಂತ ಪಕ್ಕದಲ್ಲೇ ಕೂತಳು. ಎಳೇ ಹುಣಸೆಕಾಯಿ ಅಂದೆ. ಊರಾಚೆಯ ಬಾತಿ ಹಳ್ಳಿಯವರೆಗೆ ನಡೆದು ಮಡಿಲು ತುಂಬಾ ತಂದಳು, ಪುಣ್ಯಾತ್ಗಿತ್ತಿ!

ಆ ವಾರವೇ ಮಗನನ್ನೂ ನನ್ನನ್ನೂ ರೈಲಿನಲ್ಲಿ ಹರಿಹರದ ಗುಡಿಗೆ ಕರೆದೊಯ್ದಳು. ಮೊದಲು ನನ್ನ ಹೆರಿಗೆಗಾಗಿ ಕೈಮುಗಿದಳು. ಆಮೇಲೆ ಮಗನ ತಲೆ ನೇವರಿಸುತ್ತ, "ನಾ ಹೋದ್ರೆ ಇವ್ನ ಬಾಯಿ ಒರೆಸಾರು ಯಾರಪ್ಪಾ? ನನಗಿಂತ ಮೊದ್ಲು ಇವ್ನನ್ನ ಕರ್ಕೊ" ಅಂದಳು. ಯಾವ ತಾಯಿ ಹೀಗೆ ಬೇಡುತ್ತಾಳೆ! ಹೊಟ್ಟೆ ಹಿಡಿದುಕೊಂಡು ಆಚೆ ಬಂದು ನಿಂತೆ.

ನನ್ನ ಹೆರಿಗೆಗೆ ಮೊದಲೇ ಜ್ವರ ಬಂದು ಅವನು ತೀರಿಕೊಂಡ. ಓಣಿಯ ಹೆಂಗಸರು, "ಬಿಡವ್ವಾ, ನಿನ್ನ ಕಣ್ಮುಂದೆ ಹೋದ, ಚಿಂತಿ ತೀರ್ತು" ಅಂದರು. ಹಾಗನ್ನಲು ಅವರಿಗೆ ಬಾಯಾದರೂ ಹೇಗೆ ಬಂತೋ! 

ನನ್ನ ಮಗಳಿಗೆ ಹಲ್ಲು ಬರುವ ಹೊತ್ತಿಗೆ ಒಂದು ದಿನ ಮನೆಗೆ ಬಂದು ಕೂಸನ್ನು ಎತ್ತಿಕೊಂಡಳು. ಅದು ಅವಳ ಭುಜದ ಮೇಲೆಲ್ಲ ಜೊಲ್ಲು ಸುರಿಸಿತು. ಬಟ್ಟೆ ತಂದು ಒರೆಸಲು ಹೋದೆ. "ಬ್ಯಾಡ, ಇರ್ಲಿ ಬಿಡು" ಎಂದು ನನ್ನ ಕೈ ಹಿಡಿದುಕೊಂಡವಳು ಗಳಗಳನೆ ಅತ್ತಳು.

"ಸಂಕಟಕ್ಕೆ ತಾಯಿ ಏನೇನೋ ಅಂತಾಳವ್ವಾ. ದೇವ್ರಾದವ್ನು ಅದನ್ನ ಖರೇ ಅಂತ ತಿಳ್ಕೊಳ್ಳಾದಾ?"

ಮುಂದಿನ ವರ್ಷ ಅವಳೂ ಹೋದಳು. ಹರಿಹರದ ಆ ಗುಡಿಗೆ ನಾನು ಮತ್ತೆ ಕಾಲಿಟ್ಟಿಲ್ಲ. ದೇವರ ಮೇಲೆ ಸಿಟ್ಟಲ್ಲ. ಮಕ್ಕಳ ತಾಯಿ ನಾನು, ಸಂಕಟದಲ್ಲಿ ಏನಾದರೂ ಬೇಡಿಬಿಟ್ಟೇನು ಅಂತ ಹೆದರಿಕೆ.